ಎಮಿಲ್ ಬರೆಯದ ಸಾಲು

1918 ಅಕ್ಟೋಬರ್ 26, ಶನಿವಾರ

ಅಧ್ಯಕ್ಷರ ಮನವಿ ಇವತ್ತಿನ ಪತ್ರಿಕೆಯಲ್ಲಿ ಬಂದಿದೆ. ಯುದ್ಧ ಮುಗಿಯುವ ತನಕ ದೇಶದ ಮಾತು ಒಂದೇ ಆಗಿರಬೇಕು, ಅದಕ್ಕೆ ಶಾಸನಸಭೆಯ ಎರಡೂ ಮನೆಗಳಿಗೆ ನನ್ನ ಪಕ್ಷದವರನ್ನೇ ಆರಿಸಿ ಕಳಿಸಿ ಅಂತ ಮತದಾರರನ್ನು ನೇರವಾಗಿ ಕೇಳಿದ್ದಾರೆ. ಮೂರು ಸಲ ಓದಿದೆ. ಮೂರನೆಯ ಸಲ ಎದ್ದು ನಿಂತು ಗಟ್ಟಿಯಾಗಿ ಓದಿದೆ. ಅಡುಗೆಮನೆಯಿಂದ ಹೆಟ್ಟಿ ಅಕ್ಕ, "ಲೆಮ್, ಹೆಂಗಸರಿಗೆ ಓಟೇ ಇಲ್ಲ, ನನ್ನ ಮೇಲ್ಯಾಕೆ ಕೂಗಾಡ್ತೀಯ?" ಅಂದಳು.

ಮಧ್ಯಾಹ್ನ ಜಡ್ಜ್ ಪ್ರುಯಿಟ್ ಅವರು ಪೋಸ್ಟ್ ಆಫೀಸಿಗೇ ಬಂದರು. ಜಿಲ್ಲೆಯಲ್ಲಿ ನಮ್ಮ ಪಕ್ಷಕ್ಕೆ ಅವರೇ ಹಿರಿಯರು. ಕಾಟನ್‌ವುಡ್ ಬೆಂಡಿನ ಪೋಸ್ಟ್‌ಮಾಸ್ಟರ್ ಕೆಲಸ ನನಗೆ ಕೊಡಿಸಿದವರು ಅವರು. ಬರುವ ವಸಂತಕ್ಕೆ ನನ್ನ ಅವಧಿ ಮುಗಿಯುತ್ತದೆ, ಮುಂದುವರಿಸುವುದೂ ಅವರ ಕೈಯಲ್ಲೇ ಇದೆ.

"ಟ್ಯಾಗರ್ಟ್, ನಾಲಿಗೆಗೆ ತುಕ್ಕು ಹಿಡಿಸ್ಕೊಂಡು ಕೂತಿದ್ದೀಯೇನಯ್ಯಾ?" ಅಂದರು.

ತುಕ್ಕು ಹಿಡಿದಿರುವುದು ನಿಜ. ಸಿನಿಮಾ ಮಂದಿರದಲ್ಲಿ ರೀಲು ಬದಲಾಯಿಸುವ ನಾಲ್ಕು ನಿಮಿಷದಲ್ಲಿ ಎದ್ದು ನಿಂತು ಯುದ್ಧದ ಪರವಾಗಿ ಮಾತಾಡುವ ಸ್ವಯಂಸೇವಕ ನಾನು. ಗಡಿಯಾರ ನೋಡದೆ ನಾಲ್ಕು ನಿಮಿಷಕ್ಕೆ ಸರಿಯಾಗಿ ನಿಲ್ಲಿಸುತ್ತೇನೆ, ಕೊನೆಯ ಮಾತಿಗೆ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಈಗ ಇನ್‌ಫ್ಲುಯೆಂಜಾ ಜ್ವರ ಬಂದು ಸಿನಿಮಾ ಮಂದಿರ, ಚರ್ಚು, ಶಾಲೆ ಎಲ್ಲಕ್ಕೂ ಬೀಗ. ಸಭೆ ಸೇರುವಂತಿಲ್ಲ.

"ಸಭೆ ಇಲ್ದಿದ್ರೆ ಏನು? ನಿನ್ನ ಕಿಟಕಿ ಮುಂದೆ ಇಡೀ ಊರು ಬಂದು ನಿಲ್ಲುತ್ತೆ. ಒಬ್ಬೊಬ್ಬರಿಗೇ ಹೇಳು," ಅಂದರು ಜಡ್ಜ್. "ಮುಖ್ಯವಾಗಿ ಆ ಜರ್ಮನ್ನರು. ನಲವತ್ತು ಓಟಿದೆ ಅವರದ್ದು. ಅಪ್ಪಂದಿರ ಕಾಲದಿಂದ ಎದುರು ಪಕ್ಷ. ಬ್ರಾಕ್‌ಮನ್ ಮುದುಕನ್ನ ಎಬ್ಬಿಸು ಸಾಕು, ಉಳಿದವರು ಹಿಂದೆ ಬರ್ತಾರೆ."

ಅದೇನು ದೊಡ್ಡ ಕೆಲಸ ಅಂದೆ. ಕೋಟಿಗೆ ಪಕ್ಷದ ಬಿಲ್ಲೆ ಸಿಕ್ಕಿಸಿಕೊಂಡೆ.

ಅಕ್ಟೋಬರ್ 28, ಸೋಮವಾರ

ಆ ದೊಡ್ಡ ಕೆಲಸ ತಾನಾಗಿ ಕಾಲಬುಡಕ್ಕೆ ಬಂತು.

ಬೆಳಿಗ್ಗೆ ಬ್ರಾಕ್‌ಮನ್ ಹೆಂಡತಿ ಒಟಿಲಿಯ ಬಂದಳು, ಮಗ ಎಮಿಲ್ ಫ್ರಾನ್ಸಿನ ಯುದ್ಧಭೂಮಿಯಿಂದ ಬರೆದ ಕಾಗದ ಒಯ್ಯಲು. ಜರ್ಮನ್ ಭಾಷೆಯಲ್ಲಿ ಬರೆದ ಕಾಗದ ಸೈನ್ಯದ ತಪಾಸಣೆಯವರ ಹತ್ತಿರ ತಿಂಗಳುಗಟ್ಟಲೆ ಕೊಳೆಯುತ್ತದೆ. ಅದಕ್ಕೇ ಆ ಹುಡುಗ ಇಂಗ್ಲಿಷಿನಲ್ಲಿ ಬರೆಯುತ್ತಾನೆ. ಅಪ್ಪ ಅಮ್ಮನಿಗೆ ಇಂಗ್ಲಿಷ್ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು. ಇಲ್ಲಿಯತನಕ ಅವರ ಪಾದ್ರಿ ಓದಿ ಹೇಳುತ್ತಿದ್ದ. ಹೋದ ವಾರ ಜ್ವರ ಅವನನ್ನೂ ಒಯ್ದಿತು.

"ಟ್ಯಾಗರ್ಟ್ ಅವ್ರೇ, ನೀವೇ ಓದಿಬಿಡಿ," ಅಂದಳು. ಗಂಡ ಹೈನ್ರಿಕ್ ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಈ ಮುದುಕ ಊರೊಳಗೆ ಬರುವುದೇ ಕಡಿಮೆ. ಹೋದ ವಸಂತದಲ್ಲಿ ಇವನ ಕಣಜಕ್ಕೆ ಯಾರೋ ಹಳದಿ ಬಣ್ಣ ಬಳಿದು ದೇಶದ್ರೋಹಿ ಅಂತ ಬರೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬಳಿದವರು ಯಾರು ಅಂತ ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಆದರೆ ಅವನೂ ಕಡಿಮೆಯವನಲ್ಲ. ಎಮಿಲ್ ತಾನಾಗಿ ಸೈನ್ಯಕ್ಕೆ ಸೇರಿ ರೈಲು ಹತ್ತುವ ದಿನ, ಸ್ಟೇಷನ್ನಿನಲ್ಲಿ ಎಲ್ಲರ ಮುಂದೆ, "ಹೋಗಬೇಡ, ಅಲ್ಲಿರೋರು ನಿನ್ನ ಚಿಕ್ಕಪ್ಪನ ಮಕ್ಕಳು," ಅಂದ. ಹುಡುಗ, "ನೀನು ಜರ್ಮನಿ ದೊರೆ ಕೈಸರನ ಆಳು," ಅಂತ ಕೂಗಿದ. ಅಪ್ಪ ಚಾಚಿದ ಕೈ ಹಿಡಿಯದೆ ರೈಲು ಹತ್ತಿದ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಕಾಗದ ಒಂದೇ ಹಾಳೆ. ಮಳೆ, ಕೆಸರು, ಸಾಕ್ಸು ಕಳಿಸಮ್ಮ, ಸೇಬಿನ ಮುರಬ್ಬ ನೆನಪಾಗುತ್ತದೆ, ಬೂದು ಕುದುರೆ ಹೇಗಿದೆ. ಎಲ್ಲ ಓದಿದೆ. ಕೊನೆಯಲ್ಲಿ ಅಪ್ಪನಿಗೆ ಅಂತ ನಾಲ್ಕು ಸಾಲು ಇತ್ತು. ಅದು ಯುದ್ಧಕಾಲಕ್ಕೆ ಒಪ್ಪುವ ಮಾತಲ್ಲ. ಒಂದು ಗಳಿಗೆ ನಿಲ್ಲಿಸಿದೆ.

"ಅಷ್ಟೇನಾ?" ಅಂದಳು ಒಟಿಲಿಯ.

ಜ್ವರ ತಗುಲದಿರಲಿ ಅಂತ ನನ್ನ ಬಾಯಿ ಮೂಗಿಗೆ ಬಟ್ಟೆ ಕಟ್ಟಿತ್ತು, ಮುಖ ಯಾರಿಗೂ ಕಾಣುತ್ತಿರಲಿಲ್ಲ. ಓದುವ ದನಿಯಲ್ಲೇ ಹೇಳಿದೆ: "ಅಪ್ಪನಿಗೆ ಹೇಳು, ಈ ಸಲ ಅಧ್ಯಕ್ಷರ ಪಕ್ಷಕ್ಕೆ ಓಟು ಹಾಕಲಿ. ನಾನು ಇಲ್ಲಿ ಬಂದೂಕು ಹಿಡಿದು ಕೇಳುವುದು ಇಷ್ಟೇ."

ಹೊಸ್ತಿಲಾಚೆ ಇದ್ದ ಮುದುಕ ಒಂದು ಹೆಜ್ಜೆ ಒಳಗೆ ಬಂದ.

"ಅಪ್ಪನಿಗೆ ಹೇಳು ಅಂತ ಇದೆಯಾ?" ಅಂದ.

"ಇದೆ," ಅಂದೆ. ಅದು ಸುಳ್ಳಲ್ಲ. ಆ ಎರಡು ಮಾತು ಇತ್ತು.

ಸಮಯಕ್ಕೆ ಬಂದ ಬುದ್ಧಿ ಅಂದರೆ ಇದು. ಯಾರಿಗೂ ನಷ್ಟವಿಲ್ಲ.

ಅಕ್ಟೋಬರ್ 30

ಜಡ್ಜ್ ಅವರಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇನ್ನೊಂದ್ಸಲ ಹೇಳು, ಬರ್ಕೊಳ್ತೀನಿ," ಅಂದರು. ಯಾಕೆ ಅಂತ ನಾನು ಕೇಳಲಿಲ್ಲ.

ನವೆಂಬರ್ 1

ಯಾಕೆ ಅಂತ ಇವತ್ತು ಗೊತ್ತಾಯಿತು. ಕರಪತ್ರ, ಎರಡು ಸಾವಿರ ಪ್ರತಿ. ಮೇಲೆ ಬಾವುಟ, ಕೆಳಗೆ ದಪ್ಪ ಅಕ್ಷರದಲ್ಲಿ 'ಜರ್ಮನ್ ತಂದೆಗೆ ಅಮೆರಿಕನ್ ಮಗನ ಆಜ್ಞೆ', ಅದರ ಕೆಳಗೆ ನನ್ನ ಸಾಲು, ಎಮಿಲ್ ಬ್ರಾಕ್‌ಮನ್ ಅನ್ನುವ ಹೆಸರು. ಜಿಲ್ಲೆಗೆಲ್ಲ ನನ್ನ ಕಿಟಕಿಯಿಂದಲೇ ಹೋಗಬೇಕು. ದಿನವಿಡೀ ಮುದ್ರೆ ಒತ್ತಿದೆ. ಮುದ್ರೆ ಒತ್ತುವಾಗ ಓದಬಾರದು ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಒಟಿಲಿಯ ಬಂದು ಒಂದು ಪ್ರತಿ ಕೇಳಿದಳು. ಮಗನ ಹೆಸರು ಅಚ್ಚಿನಲ್ಲಿ ಬಂದದ್ದು ಇದೇ ಮೊದಲು ಅಂದಳು. ಯಾವುದು ಅವನ ಹೆಸರು ಅಂತ ತೋರಿಸಿದೆ. ಬೆರಳಿಟ್ಟು ಸವರಿದಳು.

ಹೆಟ್ಟಿ ಅಕ್ಕ ಕರಪತ್ರ ಓದಿ, "ಆ ಹುಡುಗ ಹೀಗೆ ಬರೀತಾನೇನೋ? ಭಾಷಣದ ಹಾಗಿದೆಯಲ್ಲ," ಅಂದಳು. ಜೋಳದ ರೊಟ್ಟಿ ಸೀದಿದೆ ಅಂತ ಮಾತು ಬೇರೆ ಕಡೆ ತಿರುಗಿಸಿದೆ.

ನವೆಂಬರ್ 5, ಮಂಗಳವಾರ

ಮತದಾನ. ಹೈನ್ರಿಕ್ ಬ್ರಾಕ್‌ಮನ್ ಭಾನುವಾರದ ಕೋಟು ಹಾಕಿಕೊಂಡು ಬಂದ. ಹಿಂದೆ ಹತ್ತೋ ಹನ್ನೆರಡೋ ಜರ್ಮನ್ನರು. ಸಾಲಿನಲ್ಲಿದ್ದ ಯಾರೋ, "ಏನು ಮುದುಕಪ್ಪ, ಮಗ ಮೂಗುದಾರ ಹಾಕಿ ಎಳ್ಕೊಂಡು ಬಂದ್ನಾ?" ಅಂದರು. ಎಲ್ಲರೂ ನಕ್ಕರು. ಅವನು ಒಳಗೆ ಹೋಗಿ, ಓಟು ಹಾಕಿ, ನೇರ ನನ್ನ ಹತ್ತಿರ ಬಂದ.

"ಮಗ ಹೇಳಿದ, ಹಾಕಿದೆ. ಅವನಿಗೆ ಬರೀರಿ, ಅಪ್ಪ ಹಾಕಿದ ಅಂತ."

ಬರೆಯುತ್ತೇನೆ ಅಂದೆ. ಬರೆದೂ ಬಿಟ್ಟೆ. ಇನ್ನೇನು ಮಾಡಲಿ?

ನವೆಂಬರ್ 7

ನಮ್ಮ ಪಕ್ಷ ಸೋತಿದೆ, ಎರಡೂ ಮನೆಗಳಲ್ಲಿ. ಕಾಟನ್‌ವುಡ್ ಬೆಂಡಿನಲ್ಲಿ ಮಾತ್ರ ಗೆದ್ದೆವು. ಜಡ್ಜ್ ನನ್ನ ಬೆನ್ನು ತಟ್ಟಿದರು. ಬೆನ್ನು ಅಲ್ಲಿಂದ ಇಲ್ಲಿಯತನಕ ಬಿಗಿದುಕೊಂಡೇ ಇದೆ, ಚಳಿಗೆ ಇರಬೇಕು.

ನವೆಂಬರ್ 11

ಯುದ್ಧ ಮುಗಿಯಿತು. ಬೆಳಗಿನಿಂದ ಗಂಟೆ ಹೊಡೆದು ಹೊಡೆದು ಚರ್ಚಿನ ಹಗ್ಗ ಹರಿದಿದೆ. ಒಟಿಲಿಯ ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಒಣದ್ರಾಕ್ಷಿಯ ಕೇಕು ತಂದಳು. "ಕಾಗದ ಓದಿದ್ದಕ್ಕೆ. ಇನ್ನು ಎಮಿಲ್ ಬಂದು ತಾನೇ ಮಾತಾಡ್ತಾನೆ, ನಿಮಗೆ ತೊಂದರೆ ತಪ್ತು," ಅಂದಳು.

ತಾನೇ ಬಂದು ಮಾತಾಡುತ್ತಾನೆ. ಹೌದು, ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಕರಪತ್ರ ನೋಡಿ ಏನನ್ನಬಹುದು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಗಿದೆ ನನಗೆ. ಕೇಕು ಅಕ್ಕನೇ ತಿಂದಳು.

ನವೆಂಬರ್ 14, ಗುರುವಾರ

ಸ್ಟೇಷನ್ನಿನ ತಂತಿ ಗುಮಾಸ್ತ ಜ್ವರದಲ್ಲಿ ಮಲಗಿದ್ದಾನೆ. ತಂತಿಗಳೆಲ್ಲ ನನ್ನ ಮೇಜಿಗೆ ಬರುತ್ತಿವೆ. ಹನ್ನೊಂದು ಗಂಟೆಗೆ ಒಂದು ಬಂತು, ಹೈನ್ರಿಕ್ ಬ್ರಾಕ್‌ಮನ್ ಹೆಸರಿಗೆ. ಎಮಿಲ್ ಅಕ್ಟೋಬರ್ ನಾಲ್ಕರಂದು ಹೋರಾಟದಲ್ಲಿ ಮಡಿದ.

ನಾಲ್ಕರಂದು. ನಾನು ಕಾಗದ ಓದಿದ್ದು ಇಪ್ಪತ್ತೆಂಟರಂದು. ಸತ್ತು ಇಪ್ಪತ್ತನಾಲ್ಕು ದಿನ ಆಗಿದ್ದವನ ಬಾಯಲ್ಲಿ ಓಟು ಕೇಳಿಸಿದ್ದೇನೆ.

ನಾನೇ ಗಾಡಿ ಹೂಡಿಕೊಂಡು ಹೋದೆ. ಅವರ ಕಿಟಕಿಯಲ್ಲಿ ನೀಲಿ ನಕ್ಷತ್ರದ ಬಾವುಟ ತೂಗುತ್ತಿತ್ತು, ಮಗ ಸೈನ್ಯದಲ್ಲಿದ್ದಾನೆ ಅಂತ. ಒಟಿಲಿಯ ನನ್ನನ್ನು ನೋಡಿ ನಕ್ಕಳು, ಕಾಗದ ತಂದಿದ್ದೇನೆ ಅಂದುಕೊಂಡು. ಹಳದಿ ಲಕೋಟೆ ಕಂಡ ಮೇಲೂ ಆ ನಗು ಸ್ವಲ್ಪ ಹೊತ್ತು ಮುಖದ ಮೇಲೆ ಹಾಗೇ ಉಳಿದಿತ್ತು. ಓದಿದೆ. ಈ ಸಲ ಇದ್ದದ್ದನ್ನು ಇದ್ದ ಹಾಗೆ ಓದಿದೆ.

ಕಾಗದದ ಆ ನಾಲ್ಕು ಸಾಲು ಇಲ್ಲಿ ಬರೆದಿಡುತ್ತೇನೆ. ಬೇಡವೆಂದರೂ ಬಾಯಿಪಾಠ ಆಗಿವೆ.

'ಅಪ್ಪನಿಗೆ ಹೇಳು, ಅವನು ಹೇಳಿದ್ದೇ ಸರಿ. ಎದುರುಗಡೆ ಸತ್ತು ಬಿದ್ದವರ ಮುಖ ನಮ್ಮವರದ್ದೇ. ಸ್ಟೇಷನ್ನಿನಲ್ಲಿ ಆಡಿದ ಮಾತು ವಾಪಸು ತಗೊಂಡಿದ್ದೀನಿ. ಅವತ್ತು ಕೊಡದ ಕೈ ಮನೆಗೆ ಬಂದು ಕೊಡ್ತೀನಿ.'

ನವೆಂಬರ್ 19

ದೇಹ ಫ್ರಾನ್ಸಿನಲ್ಲೇ ಮಣ್ಣಾಗಿದೆ. ಇಲ್ಲಿ ಚರ್ಚಿನ ಹಿಂದೆ ಕಲ್ಲೊಂದು ನಿಲ್ಲಿಸುತ್ತಾರಂತೆ. ಗಂಡ ಹೆಂಡತಿ ಇಬ್ಬರೂ ಕಿಟಕಿಗೆ ಬಂದರು. ಒಟಿಲಿಯಮ್ಮ ಕರಪತ್ರ ಬಿಚ್ಚಿದರು. ಮಡಿಕೆಯಲ್ಲಿ ಹರಿದು, ಹಿಂದೆ ಬಟ್ಟೆ ಅಂಟಿಸಿದ್ದರು.

"ಅವನ ಕೊನೆ ಮಾತು ಇದೇ ಅಲ್ವಾ. ಕಲ್ಲಿನ ಮೇಲೆ ಕೆತ್ತಿಸ್ತೀವಿ. ಕಲ್ಲುಕುಟಿಗನಿಗೆ ಒಂಚೂರು ದುಂಡಗೆ ಬರೆದುಕೊಡಿ."

ಸುಲಭದ ಕೆಲಸ. ಕಾಗದ ಬೇಕಿಲ್ಲ, ಕರಪತ್ರದಲ್ಲೇ ಇದೆ, ಯಾರಿಗೂ ಗೊತ್ತಾಗುವುದಿಲ್ಲ. ಲೇಖನಿ ಅದ್ದಿದೆ. ಬರೆಯಲಾಗಲಿಲ್ಲ. ಶಾಯಿ ಸರಿಯಿಲ್ಲ, ಮನೆಯಲ್ಲಿ ಬರೆದು ತರುತ್ತೇನೆ ಅಂದೆ.

ಅವರು ಹೊರಟ ಮೇಲೆ ಹೈನ್ರಿಕ್ ಒಬ್ಬರೇ ತಿರುಗಿ ಬಂದರು. ಕೌಂಟರಿನ ಮೇಲೆ ಟೋಪಿ ಇಟ್ಟರು. ಆಮೇಲೆ, "ಟ್ಯಾಗರ್ಟ್ ಅವ್ರೇ, ಆ ಕಾಗದದಲ್ಲಿ ನನಗೆ ಅಂತ ಬೇರೆ ಏನೂ ಇರ್ಲಿಲ್ವಾ? ಸ್ಟೇಷನ್ನಿನ ವಿಷಯ, ಏನಾದ್ರೂ?" ಅಂದರು.

ಸ್ಟಾಂಪು ಕೊಳ್ಳಲು ಯಾರೋ ಬಂದರು. ನಾನು ಆ ಕಡೆ ತಿರುಗಿದೆ. ಥೂ.

ನವೆಂಬರ್ 21

ಜಡ್ಜ್ ಹತ್ತಿರ ಹೋಗಿ ನಿಜ ಹೇಳಿಬಿಡೋಣ ಅಂದೆ.

"ತಲೆ ಕೆಟ್ಟಿದೆಯೇನಯ್ಯಾ? ಆ ಮುದುಕರಿಗೆ ಅದೊಂದು ಹೆಮ್ಮೆ. ಅದನ್ನೂ ಕಿತ್ಕೋತೀಯಾ? ಕಲ್ಲನ್ನು ಪಕ್ಷದ ಕಡೆಯಿಂದಲೇ ಮಾಡಿಸ್ತೀನಿ ಅಂದಿದ್ದೀನಿ. ಬರೆದುಕೊಟ್ಟು ಬಾಯಿ ಮುಚ್ಕೊಂಡಿರು. ವಸಂತದಲ್ಲಿ ನಿನ್ನ ಕೆಲಸ ಮುಂದುವರಿಸೋ ಕಾಗದ ವಾಷಿಂಗ್ಟನ್ನಿಗೆ ಹೋಗ್ಬೇಕು, ನೆನಪಿರಲಿ."

ದಯೆಯ ಹಾಗೆ ಕೇಳಿಸಿತು. ಮನೆಗೆ ಬರುವ ದಾರಿಯುದ್ದಕ್ಕೂ ಅದು ದಯೆಯೇ ಅಂತ ನನಗೆ ನಾನೇ ಹೇಳಿಕೊಂಡೆ. ಮನೆಗೆ ಬಂದು ಆ ಸಾಲನ್ನು ದುಂಡಗೆ, ಚೆಂದಾಗಿ ಬರೆದೆ. ಹೆಟ್ಟಿ ಅಕ್ಕ ನೋಡಿದಳು.

"ಇದು ನಿಂದೇ ಅಲ್ವೇನೋ, ಲೆಮ್?" ಅಂದಳು.

ಹೂಂ ಅಂದೆ. ಅವಳು ಬೈಯಲಿಲ್ಲ. ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಬೈದಿದ್ದರೆ ಒಳ್ಳೆಯದಿತ್ತು.

ನವೆಂಬರ್ 24, ಭಾನುವಾರ

ಹೋಗಿ ಹೇಳಿದೆ.

ದಾರಿಯಲ್ಲಿ ಹೇಗೆ ಶುರು ಮಾಡಬೇಕು ಅಂತ ಮಾತು ಜೋಡಿಸಿಕೊಂಡಿದ್ದೆ. ಯಾವುದೂ ಉಪಯೋಗಕ್ಕೆ ಬರಲಿಲ್ಲ. ಕಾಗದ ತನ್ನಿ ಅಂದೆ. ಒಟಿಲಿಯಮ್ಮ ಪ್ರಾರ್ಥನೆ ಪುಸ್ತಕದೊಳಗಿಂದ ತೆಗೆದುಕೊಟ್ಟರು. "ಅವತ್ತು ನಾನು ಓದಿದ ಕೊನೆ ಸಾಲು ಇದರಲ್ಲಿ ಇಲ್ಲ. ಅದು ನಾನು ಕಟ್ಟಿದ್ದು. ಇರೋದು ಇದು," ಅಂತ ಹೇಳಿ ಆ ನಾಲ್ಕು ಸಾಲು ಓದಿದೆ. ಎಲ್ಲ ಸೇರಿ ನಾಲ್ಕು ನಿಮಿಷವೂ ಆಗಲಿಲ್ಲ.

ಒಲೆಯ ಮೇಲೆ ಕಾಫಿ ಉಕ್ಕಿ ಹರಿಯಿತು, ಯಾರೂ ಏಳಲಿಲ್ಲ. ಒಟಿಲಿಯಮ್ಮ ಕರಪತ್ರವನ್ನು ತಂದು ನನ್ನ ಮುಂದೆ ಮೇಜಿನ ಮೇಲೆ ಇಟ್ಟರು. ಅದರ ಹಿಂದಿನ ಬಟ್ಟೆ ಎಮಿಲ್‌ನ ಹಳೆಯ ಅಂಗಿಯದ್ದಂತೆ. ಅದನ್ನು ಮಾತ್ರ ಕಾಗದದಿಂದ ನಿಧಾನವಾಗಿ ಬಿಡಿಸಿಕೊಂಡರು.

"ಕಲ್ಲಿನ ಮೇಲೆ ಹೆಸರು ಸಾಕು," ಅಂದರು. "ಮಾತು ನಮ್ಮ ಹತ್ರ ಇರ್ಲಿ."

ಹೈನ್ರಿಕ್ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. "ನಾನು ಓಟು ಹಾಕಿದ್ದು ನಿಮ್ಮ ಅಧ್ಯಕ್ಷರಿಗಲ್ಲ. 'ಅಪ್ಪನಿಗೆ ಹೇಳು' ಅಂದನಲ್ಲ, ಅದಕ್ಕೆ. ನನ್ನ ಹೆಸರೆತ್ತಿದ, ಅಷ್ಟು ಸಾಕಿತ್ತು. ಬಾವಿಗೆ ಬೀಳು ಅಂತ ಬರೆದಿದ್ರೂ ಬೀಳ್ತಿದ್ದೆ." ಆಮೇಲೆ, "ಒಂದು ತಿಂಗಳು, ಟ್ಯಾಗರ್ಟ್. ಒಂದು ತಿಂಗಳು ಅದು ಇದೇ ಮನೇಲಿತ್ತು, ನನಗೆ ಗೊತ್ತಿರ್ಲಿಲ್ಲ," ಅಂದರು.

ಕ್ಷಮಿಸಿ ಅಂದೆ. ಆ ಮಾತು ಇಷ್ಟು ಸಣ್ಣದು ಅಂತ ನನಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಸಾಯುವುದಾಗಿದ್ದರೆ ಅಲ್ಲೇ ಸಾಯುತ್ತಿದ್ದೆ.

ಎದ್ದು ಹೊರಟಾಗ ಅವರು, "ಮುಂದಿನ ಭಾನುವಾರ ಬನ್ನಿ. ಆ ಸಾಲು ಓದೋದು ನನಗೆ ಕಲಿಸಿ," ಅಂದರು.

ಡಿಸೆಂಬರ್ 1, ಭಾನುವಾರ

ಅವರು ಕಲಿತ ಜರ್ಮನ್ ಅಕ್ಷರವೇ ಬೇರೆ ಬಗೆಯದು. ಮೊದಲು 'ಅಪ್ಪ' ಕಲಿತರು. ಆಮೇಲೆ ಅನುಕ್ರಮ ಬಿಟ್ಟು, "ಕೈ ಎಲ್ಲಿದೆ?" ಅಂದರು. ತೋರಿಸಿದೆ. ಆ ಪದವನ್ನು ಹಲಗೆಯ ಮೇಲೆ ಮೂವತ್ತು ಸಲ ಬರೆದರು. ನನ್ನೊಡನೆ ಬೇರೆ ಮಾತಾಡಲಿಲ್ಲ. ಒಟಿಲಿಯಮ್ಮ ಒಂದು ಲೋಟ ಕಾಫಿ ಇಟ್ಟರು, ಗಂಡನ ಮುಂದೆ.

ಡಿಸೆಂಬರ್ 3

ಪೋಸ್ಟ್ ಆಫೀಸಿನ ಹಲಗೆಯ ಮೇಲೆ, ಸರ್ಕಾರಿ ನೋಟಿಸುಗಳ ಪಕ್ಕದಲ್ಲಿ ಅಂಟಿಸಿದೆ: 'ಚುನಾವಣೆಯ ಕರಪತ್ರದ ಮಾತು ಎಮಿಲ್ ಬ್ರಾಕ್‌ಮನ್ ಬರೆದದ್ದಲ್ಲ. ಅದು ನನ್ನ ಸುಳ್ಳು. ಲೆಮ್ಯುಯೆಲ್ ಟ್ಯಾಗರ್ಟ್.' ಜನ ಓದಿದರು, ಸ್ಟಾಂಪು ಕೊಂಡರು, ಹೋದರು. ಬೈಯಲು ಕೂಡ ಯಾರೂ ನಿಲ್ಲಲಿಲ್ಲ.

ಪ್ರುಯಿಟ್ ಬಂದು ಅದನ್ನು ಹರಿದು ಹಾಕಿದ. ಇನ್ನೊಂದು ಬರೆದು ಅಂಟಿಸಿದೆ. ವಸಂತದಲ್ಲಿ ಈ ಕೆಲಸಕ್ಕೆ ಬೇರೆ ಯಾರನ್ನೋ ಹುಡುಕಿಕೊಳ್ಳುತ್ತಾನಂತೆ. ಆಗಲಿ. ಕೋಟಿನ ಬಿಲ್ಲೆ ಎಲ್ಲಿ ಬಿತ್ತೋ ಕಾಣೆ.

ಡಿಸೆಂಬರ್ 8

ಎರಡು ಸಾಲು.

ಡಿಸೆಂಬರ್ 15

ಮೂರು ಸಾಲು. 'ವಾಪಸು' ಅನ್ನುವಲ್ಲಿ ತೊಡರುತ್ತಾರೆ. ನಾನು ಹೇಳಿಕೊಡಲು ಹೋದರೆ ಕೈ ಎತ್ತಿ ತಡೆಯುತ್ತಾರೆ. ನನ್ನ ಬಾಯಿಂದ ಬಂದದ್ದು ಬೇಡ, ಕಣ್ಣಿಂದಲೇ ಆಗಬೇಕು. ಹಿಮ ಬಿದ್ದಿತ್ತು, ವಾಪಸು ನಡೆದೇ ಬಂದೆ. ವಾರವೆಲ್ಲ ಭಾನುವಾರದ ದಾರಿ ಕಾಯುತ್ತೇನೆ. ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ.

ಡಿಸೆಂಬರ್ 22, ಭಾನುವಾರ

ಹೈನ್ರಿಕ್ ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಕೂತರು. ಕಿಟಕಿಯಲ್ಲಿ ನೀಲಿ ನಕ್ಷತ್ರದ ಮೇಲೆ ಈಗ ಚಿನ್ನದ ಬಣ್ಣದ ಬಟ್ಟೆ ಹೊಲಿದಿದ್ದಾರೆ, ಮಗ ಮಡಿದ ಅಂತ. ಕಾಗದ ಬಿಚ್ಚಿ, ಬೆರಳಿಡದೆ, ನಾಲ್ಕೂ ಸಾಲು ಓದಿದರು. 'ವಾಪಸು' ಅನ್ನುವಲ್ಲಿ ನಿಂತರು, ದಾಟಿದರು. 'ಕೈ' ಬಂದಾಗ ದನಿ ಹೋಯಿತು. ಮತ್ತೆ ಮೊದಲಿನಿಂದ ಓದಿದರು. ಒಟಿಲಿಯಮ್ಮ ಅವರ ಬೆನ್ನ ಹಿಂದೆ ನಿಂತು ಕೇಳಿದರು. ಆ ಮನೆಯಲ್ಲಿ ಎಮಿಲ್ ಮಾತಾಡಿದ್ದು ಇವತ್ತೇ.

ಮುಗಿದ ಮೇಲೆ ಅವರು ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ.

"ಇನ್ನು ನೀವು ಬರೋದು ಬೇಡ, ಟ್ಯಾಗರ್ಟ್ ಅವ್ರೇ."

ಸರಿ ಅಂದೆ. ಕೋಟು ಹಾಕಿಕೊಂಡೆ. ಬಾಗಿಲವರೆಗೆ ಹೋದವನು ತಿರುಗಿ ಬಂದು ಕೈ ಚಾಚಿದೆ. ಅವರು ಎರಡೂ ಕೈಯಲ್ಲಿ ಕಾಗದ ಹಿಡಿದುಕೊಂಡಿದ್ದರು, ಬಿಡಲಿಲ್ಲ. ನಾನು ಕೈಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.